ಬೋಗಿ ದೀಪದ ಡಿಕೋಡರ್ ಕೊನೆಗೂ ಬಾಯಿ ಬಿಟ್ಟಿತು

ಕೊನೆಗೂ ಓದಿತು! ಸಿವಿ 8, ಸಿವಿ 29, ಸಿವಿ 17 (ಸಿವಿ ಅಂದರೆ ಡಿಕೋಡರ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ, ನಂಬರ್ ಹಾಕಿದ ಖಾನೆ), ಯಾವುದನ್ನು ಕೇಳಿದರೂ ತಕ್ಷಣ ಉತ್ತರ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ. ನನ್ನ ಮಾದರಿ ರೈಲಿನ ಬೋಗಿಗಳ ಒಳದೀಪಕ್ಕೆ ಹಾಕಿದ ಫಂಕ್ಷನ್ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಆದೇಶ ಕೇಳಿ ದೀಪ ಹಚ್ಚುವ ಪುಟ್ಟ ಸರ್ಕ್ಯೂಟ್) ಇಷ್ಟು ದಿನ ತಲೆ ತಿಂದಿತ್ತು. ಹುಡುಕಿದ ಮೇಲೆ ಗೊತ್ತಾಗಿದ್ದು, ತೊಂದರೆ ಒಂದಲ್ಲ, ಎರಡು. ಒಂದರಿಂದ ಉತ್ತರವೇ ಬರುತ್ತಿರಲಿಲ್ಲ, ಇನ್ನೊಂದರಿಂದ ತಪ್ಪು ಉತ್ತರ ಬರುತ್ತಿತ್ತು.

ಚಾವಣಿ ಬಿಚ್ಚುವುದು, ಚಕ್ರದಿಂದ ಕರೆಂಟ್ ಎತ್ತುವುದು, ಎಲ್ಇಡಿ ಪಟ್ಟಿ ಅಂಟಿಸುವುದು ಎಲ್ಲ ನಿಮಗೆ ಗೊತ್ತಿರುವುದೇ. ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ದೀಪ ಮಿಣುಕಬಾರದು ಅಂತ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ. ಅದು ಚಾರ್ಜ್ ಆಗಲು 100 ಓಮ್ ರೆಸಿಸ್ಟರ್, ವಾಪಸ್ ಕರೆಂಟ್ ಕೊಡಲು ಆ ರೆಸಿಸ್ಟರಿಗೆ ಅಡ್ಡವಾಗಿ ಒಂದು ಡಯೋಡ್. ಕೆಪಾಸಿಟರಿನ ಒಂದು ಕಡೆ ಡಿಕೋಡರಿನ ನೀಲಿ ತಂತಿಗೆ (ಎಲ್ಲ ಔಟ್‌ಪುಟ್‌ಗಳಿಗೂ ಸೇರಿದ ಪ್ಲಸ್), ಇನ್ನೊಂದು ಕಡೆ ಡಿಕೋಡರಿನ ಮೈನಸ್‌ಗೆ.

ಈ ಮೈನಸ್ ಎಲ್ಲಿದೆ ಅನ್ನೋದೇ ಒಂದು ಕಥೆ. ಡಿಕೋಡರ್ ಜೊತೆ ಬಂದ ಚೀಟಿಯಲ್ಲಿ ಅದರ ಗುರುತೇ ಇಲ್ಲ. ಮಾರಿದವರಿಗೆ ಬರೆದು ಕೇಳಿದೆ. ‘ಸಿವಿ 8ಕ್ಕೆ 8 ಬರೆದು ರೀಸೆಟ್ ಮಾಡಿ ನೋಡಿ’ ಅಂತ ಉತ್ತರ ಬಂತು. ನಾನು ಕೇಳಿದ್ದು ತಂತಿ ಎಲ್ಲಿ ಬೆಸೆಯಬೇಕು ಅಂತ! ಮಲ್ಟಿಮೀಟರ್ ಹಿಡಿದು ರೆಕ್ಟಿಫೈಯರಿನ ಕಾಲಿನಿಂದ ಹಿಂದಕ್ಕೆ ಹುಡುಕಿಕೊಂಡು ಹೋದ ಮೇಲೆ ಜಾಗ ಸಿಕ್ಕಿತು. ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ. ತಯಾರಿಸಿದವರು ಒಂದು ಚಿತ್ರ ಹಾಕಿದ್ದರೆ ಇದೆಲ್ಲ ಬೇಕಿರಲಿಲ್ಲ, ಅಲ್ವಾ?

ಈಗ ಅಸಲು ವಿಷಯ. ಪ್ರೋಗ್ರಾಮಿಂಗ್ ಹಳಿಯ (ಸಿವಿ ಬರೆಯಲು, ಓದಲು ಇಟ್ಟ ಪ್ರತ್ಯೇಕ ಹಳಿ) ಮೇಲೆ ಬೋಗಿ ಇಟ್ಟು 2614 ಅಂತ ವಿಳಾಸ ಬರೆದೆ. ಹಳಿಗೆ ಆದೇಶ ಕಳಿಸುವ ಕಮಾಂಡ್ ಸ್ಟೇಷನ್ ‘ಉತ್ತರ ಇಲ್ಲ’ ಅಂದಿತು. ಅದೇ ಬೋಗಿಯನ್ನು ಮುಖ್ಯ ಹಳಿಗೆ ತಂದು 2614 ಅಂತ ಕರೆದರೆ ದೀಪ ಹತ್ತುತ್ತದೆ! ಅಂದರೆ ಬರೆದದ್ದು ಒಳಗೆ ಹೋಗಿ ಕೂತಿದೆ. ‘ಆಯಿತು’ ಅಂತ ಹೇಳಲು ಡಿಕೋಡರಿಗೆ ಆಗುತ್ತಿಲ್ಲ, ಅಷ್ಟೇ.

ಅದು ಹೇಳುವ ರೀತಿ ನೆನಪಿದೆಯಲ್ಲ? ಸುಮಾರು 6 ಮಿಲಿಸೆಕೆಂಡ್ ಹೊತ್ತು ಹಳಿಯಿಂದ ಕನಿಷ್ಠ 60 ಮಿಲಿಆಂಪ್ ಜಾಸ್ತಿ ಎಳೆಯಬೇಕು. ಹಾಜರಿ ಕೂಗಿದಾಗ ಕೈ ಎತ್ತಿದ ಹಾಗೆ. ಎಂಜಿನ್ ಆದರೆ ಮೋಟರನ್ನು ಒಂದು ಕ್ಷಣ ಚಾಲೂ ಮಾಡಿ ಇದನ್ನು ಮುಗಿಸುತ್ತದೆ. ಓದುವಾಗ ಎಂಜಿನ್ ಇದ್ದಲ್ಲೇ ಸಣ್ಣಗೆ ಅದುರುವುದು ಅದಕ್ಕೇ. ಬೋಗಿಯಲ್ಲಿ ಮೋಟರ್ ಎಲ್ಲಿದೆ? ನನ್ನ ಎಲ್ಇಡಿ ಪಟ್ಟಿ ಪೂರ್ತಿ ಹತ್ತಿದರೂ 15 ಮಿಲಿಆಂಪ್ ದಾಟುವುದಿಲ್ಲ. ಕೈ ಎತ್ತಿದರೂ ಆ ಕಡೆಯವರಿಗೆ ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ಬೇಗ ಮುಗಿಯುತ್ತಿತ್ತು. ವಿಚಿತ್ರ ಏನೆಂದರೆ, ಕೆಲವೊಮ್ಮೆ ಓದು ಸಿಗುತ್ತಿತ್ತು, ಆದರೆ ತಪ್ಪು ಓದು. ಸಿವಿ 8 ತಯಾರಕರ ಸಂಖ್ಯೆ, ಅದು ಬದಲಾಗುವ ಮಾತೇ ಇಲ್ಲ. ಆದರೂ ಪ್ರತಿ ಸಲ ಬೇರೆ ಬೇರೆ ಅಂಕಿ, ನಡುವೆ ಸುಮ್ನೆ 255. ಕೆಪಾಸಿಟರ್ ಕಿತ್ತು ನೋಡಿದೆ. ಆಗ ತಪ್ಪು ಅಂಕಿಗಳು ಪೂರ್ತಿ ನಿಂತವು. ಉಳಿದದ್ದು ಬರೀ ಮೌನ. ಗಂಟು ಬಿಚ್ಚಿಕೊಂಡಿದ್ದು ಇಲ್ಲೇ. ಮೌನಕ್ಕೆ ಕಾರಣ ಎಲ್ಇಡಿ. ಸುಳ್ಳು ಅಂಕಿಗೆ ಕಾರಣ ಕೆಪಾಸಿಟರ್.

ಕೆಪಾಸಿಟರ್ ಏನು ಮಾಡುತ್ತಿತ್ತು? 12 ವೋಲ್ಟಿಗೆ 100 ಓಮ್ ಅಂದರೆ ಶುರುವಿನಲ್ಲಿ 120 ಮಿಲಿಆಂಪ್ ಹತ್ತಿರ ಎಳೆಯುತ್ತದೆ. ಆಮೇಲೆ ಇಳಿಯುತ್ತಾ ಹೋಗುತ್ತದೆ. ಹತ್ತನೇ ಒಂದು ಸೆಕೆಂಡ್ ಆದ ಮೇಲೂ ಇನ್ನೂ 44 ಮಿಲಿಆಂಪ್ ಉಳಿದಿರುತ್ತದೆ. ಪೂರ್ತಿ ತಣ್ಣಗಾಗಲು ಅರ್ಧ ಸೆಕೆಂಡ್ ಬೇಕು. ಕಮಾಂಡ್ ಸ್ಟೇಷನ್ ಅಷ್ಟು ಕಾಯುವುದಿಲ್ಲ. ಇಳಿಯುತ್ತಿರುವ ಕರೆಂಟನ್ನೇ ಮಾಮೂಲು ಮಟ್ಟ ಅಂದುಕೊಂಡು ‘ಈ ಬಿಟ್ ಒಂದೋ?’ ಅಂತ ಕೇಳಲು ಶುರು ಮಾಡುತ್ತದೆ. ಎಂಟು ಬಿಟ್‌ಗಳ ಪ್ರಶ್ನೆಯಲ್ಲಿ ಒಂದಕ್ಕೆ ಸುಳ್ಳು ‘ಹೌದು’ ಸಿಕ್ಕರೂ ಅಂಕಿ ಕೆಟ್ಟಿತು. ಇನ್ನೂ ದೊಡ್ಡ ಕೆಪಾಸಿಟರ್ ಹಾಕಿದವರಿಗೆ ಈ ಕಾಟ ಇನ್ನೂ ಜಾಸ್ತಿ.

ಮುಖ್ಯ ಹಳಿಯ ಮೇಲೇ ಬರೆದುಬಿಡಿ ಅನ್ನಬಹುದು. ಬರೆಯಬಹುದು, ಆದರೆ ಈ ಡಿಕೋಡರಿನಲ್ಲಿ ರೈಲ್‌ಕಾಮ್ (ಮುಖ್ಯ ಹಳಿಯ ಮೇಲಿಂದಲೇ ಡಿಕೋಡರ್ ಉತ್ತರ ಕಳಿಸುವ ವ್ಯವಸ್ಥೆ) ಇಲ್ಲ, ಓದಲು ದಾರಿ ಇಲ್ಲ. ಹಲವು ಸೆಟ್ಟಿಂಗ್‌ಗಳ ಬಿಟ್‌ಗಳು ಒಟ್ಟಿಗೆ ಇರುವ ಸಿವಿ 29 ಅನ್ನು, ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಬರೆಯುವುದು ನನಗೆ ಒಗ್ಗುವುದಿಲ್ಲ.

ಪರಿಹಾರ ಮೂರು ಪಿನ್ನಿನ ಒಂದು ಸಾಕೆಟ್. ಬೋಗಿಯ ತಳದಲ್ಲಿ, ಶೌಚಾಲಯದ ಮೂಲೆಯ ಕೆಳಗೆ ಕೂರಿಸಿದೆ. ನಡುವಿನ ಪಿನ್ನಿಗೆ ನೀಲಿ ತಂತಿ. ಎಡಕ್ಕೆ ಕೆಪಾಸಿಟರಿನ ಪ್ಲಸ್ ಕಡೆ. ಬಲಕ್ಕೆ ಬಿಳಿ ತಂತಿ, ಅಂದರೆ ಮುಂದಿನ ದೀಪದ ಔಟ್‌ಪುಟ್. ಈ ಡಿಕೋಡರ್ ಉತ್ತರ ಕೊಡುವಾಗ ಚಾಲೂ ಮಾಡುವುದು ಅದನ್ನೇ. ಓಡಿಸುವಾಗ ನಡುವಿನ ಪಿನ್ನಿಗೂ ಎಡಕ್ಕೂ ಜಂಪರ್. ಪ್ರೋಗ್ರಾಮ್ ಮಾಡುವಾಗ ಜಂಪರ್ ಕಿತ್ತು, ನಡುವಿಗೂ ಬಲಕ್ಕೂ 150 ಓಮ್ ರೆಸಿಸ್ಟರ್ ಬೆಸೆದ ಪ್ಲಗ್. 12 ವೋಲ್ಟಿಗೆ 80 ಮಿಲಿಆಂಪ್, 60 ಆರಾಮಾಗಿ ದಾಟಿತು. ಪ್ಲಗ್ ಚುಚ್ಚಿದರೆ ಕೆಪಾಸಿಟರ್ ತಾನಾಗೇ ದೂರ. ಒಂದೇ ಸಾಕೆಟ್, ಎರಡೂ ತೊಂದರೆಗೆ ಮದ್ದು. ತುಂಬಾ ಖುಷಿಯಾಯಿತು!

ಈಗ ವಿಳಾಸ ಕೂರುವ ಎರಡು ಸಿವಿಗಳನ್ನು ಓದಿದೆ: ಸಿವಿ 17ರಲ್ಲಿ 202, ಸಿವಿ 18ರಲ್ಲಿ 54. ಲೆಕ್ಕ ಹಾಕಿ: 202ರಿಂದ 192 ಕಳೆದರೆ 10, ಅದನ್ನು 256ರಿಂದ ಗುಣಿಸಿ 54 ಕೂಡಿಸಿ, 2614. ಸಿವಿ 29ರಲ್ಲಿ 38 ಇತ್ತು, ಡಿಸಿ ಹಳಿಗೆ ಈ ಬೋಗಿ ಹೋಗುವುದೇ ಇಲ್ಲ ಅಂತ ಅನಲಾಗ್ ಬಿಟ್ (ಮಾಮೂಲು ಡಿಸಿಯಲ್ಲೂ ಕೆಲಸ ಮಾಡಲು ಬಿಡುವುದು, ಬೆಲೆ 4) ತೆಗೆದು 34 ಮಾಡಿದೆ.

ಇದನ್ನು ಮಾಡುತ್ತಿರುವಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿದೆ. ಡೀಸೆಲ್ ಎಂಜಿನ್ನಿಗೆ ಬೇರೆ ಸೌಂಡ್ ಡಿಕೋಡರ್ ಹಾಕಬೇಕು. ಮೋಟರಿನದು ಹೇಗೂ ಒಳಗಿದೆ, ಎರಡಕ್ಕೂ ಒಂದೇ ವಿಳಾಸ. ಒಂದಕ್ಕೆ ಬರೆದರೆ ಇನ್ನೊಂದೂ ಬರೆದುಕೊಳ್ಳುತ್ತದೆ. ಅಲ್ಲಿ ಸಿವಿ 15, ಸಿವಿ 16ರ ಬೀಗ ಬೇಕು: ಮೋಟರಿನ ಸಿವಿ 16ಕ್ಕೆ 1, ಸೌಂಡಿನದಕ್ಕೆ 2, ಆಮೇಲೆ ಸಿವಿ 15ರಲ್ಲಿ ಬರೆದ ಅಂಕಿ ಯಾರದೋ ಅವರು ಮಾತ್ರ ತೆರೆದುಕೊಳ್ಳುತ್ತಾರೆ. ಒಟ್ಟಿಗೆ ಬೆಸೆಯುವ ಮೊದಲೇ ಬೀಗದ ಅಂಕಿ ಹಾಕಿಟ್ಟುಕೊಳ್ಳಬೇಕು. ಡಿಕೋಡರ್ ಕೊಳ್ಳುವ ಮುಂಚೆ ಅದಕ್ಕೆ ಬೀಗದ ಸೌಲಭ್ಯ ಇದೆಯಾ ಅಂತ ಕೈಪಿಡಿ ನೋಡಿಕೊಳ್ಳಿ. ಎಲ್ಲದರಲ್ಲೂ ಇರುವುದಿಲ್ಲ.

ಸಾಕೆಟ್ ಮಾಡುವವರಿಗೆ ಒಂದು ಮಾತು. ಪ್ರೋಗ್ರಾಮಿಂಗ್ ಪ್ಲಗ್ಗಿಗೆ ಕಣ್ಣಿಗೆ ಹೊಡೆಯುವ ಕೆಂಪು ಬಣ್ಣ ಬಳಿಯಿರಿ. ಅದನ್ನು ಮರೆತು ಬೋಗಿಯನ್ನು ಮುಖ್ಯ ಹಳಿಗೆ ಬಿಟ್ಟು ದೀಪ ಹಾಕಿದರೆ ಆ ರೆಸಿಸ್ಟರಿನಲ್ಲಿ ಒಂದು ವ್ಯಾಟ್‌ನಷ್ಟು ಬಿಸಿ ಸತತವಾಗಿ ಏಳುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಸುಡುತ್ತದೆ, ಪಕ್ಕದ ಪ್ಲಾಸ್ಟಿಕ್ ಕರಗುತ್ತದೆ. ನಾನು ಪ್ಲಗ್ಗಿಗೆ ಉದ್ದನೆಯ ದಾರವನ್ನೂ ಕಟ್ಟಿದ್ದೇನೆ. ಅದರ ಇನ್ನೊಂದು ತುದಿ ಪ್ರೋಗ್ರಾಮಿಂಗ್ ಹಳಿಯ ಹಲಗೆಗೆ ಮೊಳೆ ಹೊಡೆದು ಗಟ್ಟಿ ಮಾಡಿದೆ, ಹಾಗಾಗಿ ಪ್ಲಗ್ ಕೀಳದೆ ಬೋಗಿ ಅಲ್ಲಿಂದ ಕದಲುವುದಿಲ್ಲ.