ನೀಲಿ ಮಾತ್ರೆ ಮತ್ತು ಊಟದ ಮೇಲಿನ ಚಹಾ

ಉಡುಪಿ, ಮಂಗಳೂರಿನ ಕಡೆ ರಕ್ತಹೀನತೆಯ ಮಾತೆತ್ತಿದರೆ ಅನೇಕರು ಅದನ್ನು ಎಲ್ಲೋ ದೂರದ ಬಡ ಊರುಗಳ ಸಂಗತಿಯೆಂದು ಪಕ್ಕಕ್ಕಿಡುತ್ತಾರೆ. ಮೀನು, ಕುಚ್ಚಲಕ್ಕಿ, ಹಿತ್ತಿಲಲ್ಲೊಂದು ಬಸಳೆ ಚಪ್ಪರ ಇರುವ ಮನೆಯ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆಯಾಗುವುದುಂಟೇ ಎಂಬುದು ಅವರ ಪ್ರಶ್ನೆ. ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವ ಹೊಣೆಯನ್ನೂ ಹೊತ್ತಿರುವ ನಾನು ಅಷ್ಟು ನಿಶ್ಚಿಂತೆಯಿಂದ ಮಾತನಾಡಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ, ಗರ್ಭಿಣಿಯರಲ್ಲಿ ಶೇ 52 ಮಂದಿಗೆ ರಕ್ತಹೀನತೆ ಇತ್ತು. ಕರಾವಳಿಯಲ್ಲಿ ನನಗೆ ಕಾಣುವ ಕೊರತೆ ಮಾರುಕಟ್ಟೆಯದ್ದಲ್ಲ. ಯಾರ ಬಟ್ಟಲಿಗೆ ಏನು ಬೀಳುತ್ತದೆ, ಬಿದ್ದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದರದ್ದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, ಹೆಂಗಸಿಗೆ 29, ಹದಿನಾರರಿಂದ ಹದಿನೆಂಟರ ಹುಡುಗಿಗೆ 32 ಬೇಕು. ಮೈ ಬೆಳೆಯುವುದೂ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುವುದೂ ಒಂದೇ ಕಾಲಕ್ಕೆ ನಡೆಯುವ ವಯಸ್ಸು ಅದು. ಮನೆಯಲ್ಲಿ ಬಡಿಸುವ ಕ್ರಮ ಮಾತ್ರ ಈ ಲೆಕ್ಕಕ್ಕೆ ಸರಿಯಾಗಿ ವಿರುದ್ಧ. ಬಂಗುಡೆಯ ನಡುತುಂಡು ಅಪ್ಪನಿಗೂ ಅಣ್ಣನಿಗೂ ಹೋಗಿ, ಕೊನೆಗೆ ಕೂರುವ ಅಮ್ಮನಿಗೂ ಮಗಳಿಗೂ ಗಸಿ ಉಳಿಯುವ ಮನೆಗಳು ಇಂದಿಗೂ ಇವೆ.

ನಮ್ಮ ಶಾಲೆಯಲ್ಲಿ ಸೋಮವಾರ ಬಿಸಿಯೂಟದ ನಂತರ ನೀಲಿ ಮಾತ್ರೆ ಕೊಡುತ್ತೇವೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಹಂಚುವುದು ಸುಲಭ, ನುಂಗಿಸುವುದು ಕಷ್ಟ. ಕೆನ್ನೆಯ ಸಂದಿಯಲ್ಲಿ ಮಾತ್ರೆ ಅಡಗಿಸಿಕೊಂಡು ನಳ್ಳಿಯ ಕಡೆಗೆ ನಡೆಯುವ ಹುಡುಗಿಯನ್ನು ನಡಿಗೆಯಿಂದಲೇ ಗುರುತಿಸಬಹುದು: ಕರೆದರೆ ತಿರುಗುತ್ತಾಳೆ, ಉತ್ತರಿಸುವುದಿಲ್ಲ. ಗದರಿಸುವುದರ ಬದಲು ಕಾರಣ ಕೇಳಿದರೆ, "ಹೊಟ್ಟೆ ತೊಳಸ್ತದೆ ಟೀಚರ್" ಎಂಬ ಮಾತು ಬರುತ್ತದೆ, ಮತ್ತು ಅದು ಸುಳ್ಳಲ್ಲ. ಸೋಮವಾರ ಉಪವಾಸವೆಂದು ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದವಳಿಗೆ ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ಖಂಡಿತ ಕಾಟ ಕೊಡುತ್ತದೆ. ಅಂಥವರಿಗೆ ಮಂಗಳವಾರ ಕೊಟ್ಟರೆ ಆಕಾಶವೇನೂ ಬೀಳುವುದಿಲ್ಲ. ಮಲ ಕಪ್ಪಾಗುತ್ತದೆ, ಅದರಿಂದ ಏನೂ ಅಪಾಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ನಾಚಿಕೆಪಟ್ಟು ಇದನ್ನು ಹೇಳದೆ ಬಿಡುವ ಹಿರಿಯರ ಬಗ್ಗೆ ನನಗೆ ಬೇಸರವಿದೆ.

ಊಟದ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವುದು ಬೀಟ್‌ರೂಟ್. ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತ ಹೆಚ್ಚುವುದಿಲ್ಲ. ನೂರು ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಂನ ಆಸುಪಾಸಿನಲ್ಲಿದ್ದರೆ, ಅಷ್ಟೇ ಹುರುಳಿಯಲ್ಲಿ 6 ಮಿಲಿಗ್ರಾಂಗೂ ಹೆಚ್ಚಿರುತ್ತದೆ. ಆದರೆ ನಮ್ಮಲ್ಲಿ ಹುರುಳಿ ಬೇಯಿಸಿದ ಕಟ್ಟನ್ನು ಸಾರು ಮಾಡಿ, ಬೆಂದ ಕಾಳನ್ನು ಕೊಟ್ಟಿಗೆಯ ದನಕ್ಕೆ ಹಾಕುವ ಪದ್ಧತಿಯುಂಟು. ದನಕ್ಕೆ ಒಳ್ಳೆಯದೇ, ಸಂದೇಹವಿಲ್ಲ! ಕಾಳನ್ನು ಮೊಳಕೆ ಬರಿಸಿ ಉಪ್ಪುಕರಿ ಮಾಡಿದರೆ ಅದರಲ್ಲಿರುವ ಕಬ್ಬಿಣಾಂಶ ಇನ್ನಷ್ಟು ಚೆನ್ನಾಗಿ ಹೀರಿಕೆಯಾಗುತ್ತದೆ. ಮರುವಾಯಿ ಚಿಪ್ಪು, ಬೂತಾಯಿ ಮೀನಿನಂಥವುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಸೊಪ್ಪು, ಕಾಳುಗಳದ್ದಕ್ಕಿಂತ ಸುಲಭವಾಗಿ ತೆಗೆದುಕೊಳ್ಳುತ್ತದೆ. ಅಲ್ಲದೆ ಜೊತೆಗೆ ಉಂಡ ಹರಿವೆ, ನುಗ್ಗೆಸೊಪ್ಪಿನದ್ದೂ ಹೀರಿಕೆಯಾಗಲು ಮೀನು ನೆರವಾಗುತ್ತದೆ. ಮೀನು ತಿನ್ನದ ಮನೆಯವರಿಗೆ ಊಟದ ಜೊತೆ ಲಿಂಬೆರಸ, ನೆಲ್ಲಿಕಾಯಿ ಅಥವಾ ಒಂದು ಹೋಳು ಪೇರಳೆ ಇದೇ ಕೆಲಸ ಮಾಡಿಕೊಡುತ್ತದೆ. ಇದೆಲ್ಲವನ್ನೂ ಕೆಡಿಸುವುದು ಉಂಡ ಕೂಡಲೇ ಕುಡಿಯುವ ಚಹಾ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ಕರುಳಿನಲ್ಲೇ ಹಿಡಿದಿಟ್ಟು, ಹೀರಿಕೆಯನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲದು. ಚಹಾ ಬಿಡಿ ಎಂದರೆ ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ಒಂದು ಗಂಟೆ ತಡವಾಗಿ ಕುಡಿಯಿರಿ ಎಂದರೆ ಕೆಲವರಾದರೂ ಕೇಳುತ್ತಾರೆ.

ಗರ್ಭಿಣಿಯರ ಲೆಕ್ಕ ಇನ್ನೂ ದೊಡ್ಡದು. ಒಂಬತ್ತು ತಿಂಗಳಲ್ಲಿ ಮಗುವಿಗೆ, ಮಾಸಿಗೆ, ತಾಯಿಯಲ್ಲಿ ಹೆಚ್ಚುವ ರಕ್ತಕ್ಕೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ, ಮತ್ತು ಹುಡುಗಿಯಾಗಿದ್ದಾಗಲೇ ಸಂಗ್ರಹ ಬರಿದಾಗಿದ್ದರೆ ಅದನ್ನು ಊಟವೊಂದರಿಂದಲೇ ತುಂಬಿಸುವುದು ಆಗದ ಮಾತು. ಆದ್ದರಿಂದಲೇ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಕೆಂಪು ಮಾತ್ರೆ ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಮಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಗಿನ ತಿಂಡಿಯ ಮೇಲೆ ಒಂದೇ ಗುಟುಕಿಗೆ ನುಂಗುತ್ತಿದ್ದಳು. "ಒಟ್ಟಿಗೆ ತಗೊಂಡರೆ ಮರೆತುಹೋಗುವುದಿಲ್ಲ ಚಿಕ್ಕಮ್ಮ" ಎಂಬುದು ಅವಳ ಸಮಜಾಯಿಷಿ. ಕ್ಯಾಲ್ಸಿಯಂ ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಬೇಕು. ಈಗ ಕ್ಯಾಲ್ಸಿಯಂ ಬೆಳಿಗ್ಗೆ, ಕಬ್ಬಿಣಾಂಶ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಎಂದು ಗೊತ್ತುಮಾಡಿದ್ದೇವೆ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂದು ನೆರೆಮನೆಯವರು ಹೇಳಿದ್ದಕ್ಕೆ ಉತ್ತರ ಕೊಡುವ ಕೆಲಸವನ್ನು ಅಕ್ಕನೇ ವಹಿಸಿಕೊಂಡಿದ್ದಾಳೆ.

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ಉದ್ದೇಶ ಒಳ್ಳೆಯದು, ಆದರೆ ಗುಡ್ಡಕ್ಕೊಂದು ತೋಟಕ್ಕೊಂದು ಮನೆಯಿರುವ ನಮ್ಮ ಊರುಗಳಲ್ಲಿ ದಿನ ತುಂಬಿದ ಹೆಂಗಸು ಮಳೆಗಾಲದಲ್ಲಿ ಊಟಕ್ಕಾಗಿ ದಿನವೂ ನಡೆದು ಬರಬೇಕೆಂಬುದು ನನಗೆ ಸರಿಕಂಡಿಲ್ಲ.

ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ (ಆಮ್ಲಜನಕ ಹೊರುವ ಕೆಂಪು ಅಂಶ) ಗರ್ಭಿಣಿಗೆ 11 ಗ್ರಾಂಗಿಂತ, ಹದಿಹರೆಯದ ಹುಡುಗಿಗೆ 12 ಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಗರ್ಭಿಣಿಯದ್ದು 7ಕ್ಕಿಂತಲೂ ಇಳಿದರೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು. ಸರಿಯಾಗಿ ಮಾತ್ರೆ ನುಂಗಿಯೂ ಒಂದು ತಿಂಗಳಲ್ಲಿ ಒಂದು ಗ್ರಾಂನಷ್ಟಾದರೂ ಏರದಿದ್ದರೆ ಜಂತುಹುಳು, ಬಿ12 ಕೊರತೆ, ತಲಸ್ಸೇಮಿಯಾ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆಯಂಥ ಬೇರೆ ಕಾರಣಗಳಿಗಾಗಿ ಪರೀಕ್ಷೆ ಮಾಡಿಸಬೇಕು. ಏರಿತೆಂದು ತಕ್ಷಣ ನಿಲ್ಲಿಸುವಂತೆಯೂ ಇಲ್ಲ, ಏಕೆಂದರೆ ಮೈಯಲ್ಲಿ ಸಂಗ್ರಹ ತುಂಬಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ನಮ್ಮ ಹುಡುಗಿಯರ ಮಾತ್ರೆ ತಪ್ಪುವುದರಿಂದ, ಪರೀಕ್ಷೆ ಮುಗಿಯುವ ಮೊದಲು ನಡೆಯುವ ಪೋಷಕರ ಸಭೆಯಲ್ಲಿ ರಜೆಯ ವಾರಗಳಷ್ಟು ಮಾತ್ರೆಯನ್ನು ತಾಯಂದಿರ ಕೈಗೇ ಕೊಟ್ಟು, ಊಟ, ಚಹಾ, ಅಂತರದ ಈ ವಿವರಗಳನ್ನು ಅಲ್ಲಿಯೇ ಹೇಳುವುದೆಂದು ನಾವು ಶಿಕ್ಷಕಿಯರು ಮಾತಾಡಿಕೊಂಡಿದ್ದೇವೆ.