ಕಣದಲ್ಲಿ ಕಳವು: ಆರೋಪಪಟ್ಟಿಗೂ ಮುಂಚಿನ ಎರಡು ದಿನ

ಕೊಡಗಿನ ಕಾಫಿ ತೋಟಗಳಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಕಳವಿನ ದೂರುಗಳೂ ಶುರುವಾಗುತ್ತವೆ. ಕಣದಲ್ಲಿ ರೋಬಸ್ಟಾ ಕಾಫಿ ಒಣಗುತ್ತಿರುತ್ತದೆ, ಮೆಣಸು ಕೊಯ್ಲು ನಡೆದಿರುತ್ತದೆ, ಗೋಡೌನು ತುಂಬುತ್ತಿರುತ್ತದೆ. ಲೆಕ್ಕಕ್ಕೆ ಮೂರು ಚೀಲ ಕಡಿಮೆ ಬಿದ್ದ ಸಂಜೆಯೇ ಆಫೀಸಿನಲ್ಲಿ ಯಾರದೋ ಒಂದು ಹೆಸರು ಓಡಾಡುತ್ತದೆ. ಅಲ್ಲಿಂದಾಚೆ ಎಲ್ಲರೂ ಆ ಹೆಸರಿಗೆ ಹೊಂದುವ ಸಾಕ್ಷಿ ಹುಡುಕಲು ಹೊರಡುತ್ತಾರೆ. ನಿಜವಾಗಿ ಕಳವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ತೋಟದ ಆಡಳಿತವೇ ನಡೆಸುವ ಆಂತರಿಕ ವಿಚಾರಣೆಯ ಕಡತಗಳನ್ನು ಓದಿ ಅಭ್ಯಾಸವಿದ್ದವರಿಗೆ ಇದು ಮೊದಲ ಎರಡು ಹಾಳೆಯಲ್ಲೇ ಗೊತ್ತಾಗುತ್ತದೆ. ಮುಂದೆ ಕಾರ್ಮಿಕ ನ್ಯಾಯಾಲಯದಲ್ಲಿ ಬಿದ್ದುಹೋಗುವ ಪ್ರಕರಣಗಳು ಬಹುಮಟ್ಟಿಗೆ ದೂರು ಬಂದ ಮೊದಲ ಎರಡು ದಿನಗಳಲ್ಲೇ ಕೆಟ್ಟಿರುತ್ತವೆ. ತೋಟದಲ್ಲಿ ಹೊಸದಾಗಿ ರೈಟರ್ (ಲೆಕ್ಕ, ದಾಖಲೆ ಬರೆಯುವ ಗುಮಾಸ್ತ), ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ತೂಕ ನೋಡಿ. ಒಣಗಿದ ರೋಬಸ್ಟಾ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಲ್ಲಿ, ತೇವಾಂಶ ಶೇ. 11ರ ಆಸುಪಾಸಿಗೆ ಇಳಿಯಬೇಕು. ಅವಸರದಲ್ಲಿ ಶೇ. 14 ಇದ್ದಾಗಲೇ ಚೀಲ ಕಟ್ಟಿ, ತಲಾ 50 ಕೆ.ಜಿ.ಯಂತೆ 100 ಚೀಲ, ಅಂದರೆ 5000 ಕೆ.ಜಿ. ಎಂದು ಪುಸ್ತಕಕ್ಕೆ ಬರೆದಿರಿ ಎನ್ನಿ. ಅದರಲ್ಲಿ ನೀರು ಬಿಟ್ಟು ಉಳಿದ ಒಣ ಭಾಗ 4300 ಕೆ.ಜಿ. ಅದೇ ಮಾಲನ್ನು ಮತ್ತೆ ಬಿಸಿಲಿಗೆ ಹರಡಿ ಶೇ. 11ಕ್ಕೆ ಇಳಿಸಿ ತೂಗಿದರೆ ಸುಮಾರು 4831 ಕೆ.ಜಿ. ಬರುತ್ತದೆ. 169 ಕೆ.ಜಿ. ಕಡಿಮೆ! ಮೂರು ಚೀಲಕ್ಕಿಂತ ಹೆಚ್ಚು. ಒಂದು ಕಾಳನ್ನೂ ಯಾರೂ ಮುಟ್ಟಿಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಎನ್ನುತ್ತಿತ್ತು, ಅದಕ್ಕೇ ಕಟ್ಟಿದೆವು ಎಂಬ ಮಾತು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಚೀಲ ಕಟ್ಟಿದ ದಿನದ ತೇವಾಂಶ ಮೀಟರ್ ರೀಡಿಂಗ್ ತೂಕದ ಪುಸ್ತಕದಲ್ಲಿ ಇಲ್ಲದಿದ್ದರೆ, ಕೊರತೆಯ ಲೆಕ್ಕವನ್ನೇ ನಂಬಿ ಒಬ್ಬ ಮನುಷ್ಯನ ಮೇಲೆ ಆರೋಪ ಹೊರಿಸಬೇಡಿ. ತೂಕದ ಯಂತ್ರ ಬೇರೆಯಾಗಿತ್ತೇ, ಚೀಲದ ತೂಕ ಕಳೆದಿದ್ದಾರೆಯೇ, ಚೀಲಗಳನ್ನು ಎಣಿಸಿದ್ದಾರೆಯೇ ಅಥವಾ ಅಟ್ಟಿ ನೋಡಿ ಅಂದಾಜು ಬರೆದಿದ್ದಾರೆಯೇ ಎಂಬುದನ್ನೂ ಆ ದಿನವೇ ಖಚಿತ ಮಾಡಿಕೊಳ್ಳಬೇಕು.

ಮಾಲು ಹೋಗಿರುವುದು ಖಚಿತವಾದ ಮೇಲೆ ಹೇಳಿಕೆಗಳು. ತಪ್ಪು ಹೆಚ್ಚು ನಡೆಯುವುದು ಇಲ್ಲೇ. ದೂರು ಬಂದದ್ದು ಸೋಮವಾರ ಸಂಜೆ, ಹೇಳಿಕೆ ಬರೆಸಿಕೊಂಡದ್ದು ಬುಧವಾರ. ನಡುವಿನ ಎರಡು ರಾತ್ರಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಅದೇ ಮಾತು, ಜೊತೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಓಡಾಡಿದ ಕಾರ್ಮಿಕನ ಫೋಟೋ. ಕತ್ತಲಲ್ಲಿ ಯಾರೋ ಚೀಲ ಹೊತ್ತು ಹೋದದ್ದನ್ನು ಕಂಡಿದ್ದವನು ಬುಧವಾರದ ಹೊತ್ತಿಗೆ ಮುಖವನ್ನೇ ಕಂಡಿರುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ, ಕೇಳಿದ್ದು ಕಂಡದ್ದರೊಳಗೆ ಬೆರೆತುಹೋಗಿರುತ್ತದೆ. ನಾಲ್ಕು ಜನರ ಹೇಳಿಕೆಯಲ್ಲಿ ‘ಅನುಮಾನಾಸ್ಪದವಾಗಿ ಸಂಚರಿಸುತ್ತಿದ್ದುದನ್ನು ಗಮನಿಸಿದೆನು’ ಎಂಬ ಒಂದೇ ವಾಕ್ಯ ಅಚ್ಚು ಹೊಡೆದಂತೆ ಬಂದರೆ, ಅದು ಸಾಕ್ಷಿಗಳ ಮಾತಲ್ಲ, ರೈಟರ್ ಮಾತು. ಪಾಟಿ ಸವಾಲಿನಲ್ಲಿ ಮೊದಲು ಕೇಳುವುದೇ ಅದನ್ನು: ‘ಸಂಚರಿಸುವುದು ಅಂದರೆ ಏನಮ್ಮ?’ ಸಾಕ್ಷಿ ಸುಮ್ಮನಾಗುತ್ತಾಳೆ.

ಆದ್ದರಿಂದ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು, ಅದೇ ದಿನ, ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಿ. ಎಲ್ಲಿ ನಿಂತಿದ್ದರು, ಎಷ್ಟು ದೂರ, ಬೆಳಕು ಎಲ್ಲಿಂದ ಬರುತ್ತಿತ್ತು, ಮುಖ ಕಂಡಿತೇ ಅಥವಾ ನಡಿಗೆಯಿಂದ ಗುರುತು ಹಿಡಿದರೇ ಎಂಬುದೆಲ್ಲ ಇರಲಿ. ‘ಮುಖ ಕಾಣಲಿಲ್ಲ ಸಾರ್’ ಎಂದರೆ ಅದನ್ನೂ ಹಾಗೇ ಬರೆಯಿರಿ. ನಮ್ಮ ತೋಟಗಳಲ್ಲಿ ತಮಿಳು, ಮಲಯಾಳಂ ಮನೆಮಾತಿನವರು, ಎರವರು, ಜೇನು ಕುರುಬರು, ಅಸ್ಸಾಮಿನಿಂದ ಬಂದವರು ಒಂದೇ ಕಣದಲ್ಲಿ ಕೆಲಸ ಮಾಡುತ್ತಾರೆ. ಕನ್ನಡ ಓದಲು ಬಾರದವರ ಹೆಬ್ಬೆಟ್ಟನ್ನು ಕನ್ನಡ ಹೇಳಿಕೆಯ ಕೆಳಗೆ ಒತ್ತಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ಯಾವ ಭಾಷೆಯಲ್ಲಿ ಕೇಳಿದಿರಿ, ಯಾರು ಅನುವಾದಿಸಿದರು, ಯಾರು ಓದಿ ಹೇಳಿದರು ಎಂಬ ಎರಡು ಸಾಲು ಮತ್ತು ಅನುವಾದಿಸಿದವರ ಸಹಿ ಬೇಕು. ದೂರು ಕೊಟ್ಟ ಮೇಸ್ತ್ರಿಯೇ ಅನುವಾದಕನಾಗಬಾರದು.

ಸ್ಥಳದಲ್ಲೇ ಕಂಡದ್ದನ್ನು ದಾಖಲಿಸುವ ಮಹಜರಿಗೆ ಆಫೀಸಿನವರನ್ನಷ್ಟೇ ಪಂಚರನ್ನಾಗಿ (ಸಾಕ್ಷಿಗಳನ್ನಾಗಿ) ಮಾಡಬೇಡಿ, ಆಚೆಯವರು ಒಬ್ಬರಾದರೂ ಇರಲಿ. ಸಿಕ್ಕ ಚೀಲದ ಮೇಲಿನ ಗುರುತು, ಹೊಲಿಗೆ ದಾರದ ಬಣ್ಣ, ಅಲ್ಲೇ ತೂಗಿದ ತೂಕ, ಗಂಟೆ, ಎಲ್ಲವೂ ದಾಖಲಾಗಬೇಕು. ಒಂದಿಷ್ಟು ಮಾಲನ್ನು ಮಾದರಿಗೆ ತೆಗೆದು ಅರಗು ಹಾಕಿ ಮೊಹರು ಮಾಡಬೇಕು. ಸಿಸಿಟಿವಿ ಇದ್ದರೆ ಕೂಡಲೇ ನಕಲು ತೆಗೆಸಿ. ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರುತ್ತಾ ಹೋಗುತ್ತದೆ. ಇನ್ನೊಂದು ಸಣ್ಣ ವಿಷಯ, ಆದರೆ ಪ್ರಕರಣವನ್ನೇ ತಿರುಗಿಸುವಂಥದ್ದು: ಪದೇ ಪದೇ ಕರೆಂಟ್ ಹೋಗುವ ಕಡೆ ರೆಕಾರ್ಡರ್‌ನ ಗಡಿಯಾರ ತಪ್ಪಿರುತ್ತದೆ. ಪರದೆಯ ಮೇಲೆ ಎಷ್ಟು ಗಂಟೆ, ಫೋನಿನಲ್ಲಿ ಎಷ್ಟು ಗಂಟೆ ಎಂದು ಎರಡನ್ನೂ ಮಹಜರಿನಲ್ಲಿ ನಮೂದಿಸಿ.

ರಾತ್ರಿ ಆಫೀಸಿನಲ್ಲಿ ನಾಲ್ಕು ಜನ ಸುತ್ತ ನಿಂತು ಬರೆಸಿಕೊಂಡ ತಪ್ಪೊಪ್ಪಿಗೆಗೆ ಬೆಲೆ ಇಲ್ಲ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರಂತೂ ಉಳಿದ ಒಳ್ಳೆಯ ಸಾಕ್ಷ್ಯಕ್ಕೂ ಕಳಂಕ ತಗಲುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನಲ್ಲ ಎನ್ನುವವರಿದ್ದಾರೆ. ಡಿಮಾಂಡ್ ಡ್ರಾಫ್ಟ್ ಪುಸ್ತಕ ಕಳವಾದ ಬ್ಯಾಂಕ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನೇ ತಳ್ಳಿಹಾಕಿತು. ಎಫ್‌ಐಆರ್ ಮತ್ತು ಪೊಲೀಸರು ಪಡೆದ ತಪ್ಪೊಪ್ಪಿಗೆ ತಮ್ಮಷ್ಟಕ್ಕೇ ಪುರಾವೆಯಾಗುವುದಿಲ್ಲ, ಸಾಕ್ಷಿಗಳ ಮೂಲಕ ವಿಚಾರಣೆಯಲ್ಲಿ ರುಜುವಾಗಬೇಕು ಎಂದಿತು. ಆಂತರಿಕ ವಿಚಾರಣೆಗೆ ಕ್ರಿಮಿನಲ್ ಕೋರ್ಟಿನಷ್ಟು ಕಟ್ಟುನಿಟ್ಟಿನ ಪುರಾವೆ ಬೇಡ ಎಂಬುದು ನಿಜ, ತಪ್ಪು ನಡೆದಿಲ್ಲ ಎನ್ನುವುದಕ್ಕಿಂತ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಆದರೂ ಸಂಶಯ ಎಷ್ಟೇ ಬಲವಾಗಿರಲಿ, ಸಂಶಯವೇ ಪುರಾವೆಯಲ್ಲ.

ಅಮಾನತು ಮಾಡಿದರೆ ಜೀವನಾಧಾರ ಭತ್ಯೆ ಕೊಡಲೇಬೇಕು: ಮೊದಲ 90 ದಿನ ವೇತನದ ಅರ್ಧ, ಆಮೇಲೆ ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಕನಿಷ್ಠ ಶೇ. 75. ಇದನ್ನು ದಯೆ ಎಂದುಕೊಳ್ಳುವ ತೋಟಗಳಿವೆ. ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣವನ್ನು ಅವರು ಓದಬೇಕು. ಅಲ್ಲಿ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ದಾಳಿ ಮಾಡಿದಾಗ ಚಿನ್ನ ಸಿಕ್ಕಿತೆಂದು ಇಲಾಖಾ ವಿಚಾರಣೆ, ಕ್ರಿಮಿನಲ್ ಕೇಸು ಎರಡೂ ನಡೆದವು. ಭತ್ಯೆ ಕೊಡಲಿಲ್ಲ, ಕೇರಳದ ತಮ್ಮ ಊರಿನಲ್ಲಿದ್ದ ಅವರಿಗೆ ವಿಚಾರಣೆಗೆ ಬರಲಾಗಲಿಲ್ಲ, ಏಕಪಕ್ಷೀಯವಾಗಿ ವಜಾ ಆದರು. ಅದೇ ದಾಳಿಯ ಸಾಕ್ಷ್ಯವನ್ನು ನಂಬದೆ ಕ್ರಿಮಿನಲ್ ಕೋರ್ಟ್ ಖುಲಾಸೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದುಮಾಡಿತು. ತೋಟದಲ್ಲಿ ಭತ್ಯೆಯ ಜೊತೆ ಲೈನ್ ಮನೆಯ ವಿಷಯವೂ ಇದೆ. ವಿಚಾರಣೆ ಮುಗಿಯುವ ಮುಂಚೆ ಮನೆ ಖಾಲಿ ಮಾಡಿಸಿದರೆ, ಕರೆಂಟ್ ತೆಗೆದರೆ, ಆತ ತನ್ನ ಸಾಕ್ಷಿಗಳಿಂದ, ಕಾಗದಪತ್ರದಿಂದ ದೂರವಾಗುತ್ತಾನೆ. ಅವನ ಮಕ್ಕಳು ಏನು ತಪ್ಪು ಮಾಡಿದ್ದವು?

ಆರೋಪಪಟ್ಟಿಯಲ್ಲಿ ‘ಬಹಳ ದಿನಗಳಿಂದ ತೋಟದ ಮಾಲನ್ನು ಕದಿಯುತ್ತಿದ್ದೀರಿ’ ಎಂದರೆ ಅದಕ್ಕೆ ಉತ್ತರ ಕೊಡಲು ಯಾರಿಗೂ ಆಗದು. ‘ಫೆಬ್ರವರಿ 11ರ ಸಂಜೆ ಸುಮಾರು 6.40ಕ್ಕೆ, ಎರಡನೇ ಕಣದ ಪಕ್ಕದ ಗೋಡೌನಿನಿಂದ, ತೋಟದ ಗುರುತುಳ್ಳ ಎರಡು ಚೀಲ ಒಣ ಚೆರಿಯನ್ನು, ಒಟ್ಟು 98 ಕೆ.ಜಿ., ಗೇಟ್ ಪಾಸ್ ಇಲ್ಲದೆ ಸಾಗಿಸಿದಿರಿ ಎಂಬ ಆರೋಪವಿದೆ’ ಎಂದು ಬರೆದರೆ ಆತ ಆ ಹೊತ್ತಿಗೆ ಎಲ್ಲಿದ್ದ ಎಂದು ತೋರಿಸಬಲ್ಲ. ಸ್ಥಾಯಿ ಆದೇಶದ (ತೋಟದ ಕೆಲಸದ ನಿಯಮಾವಳಿಯ) ಯಾವ ಕಲಮು, ಯಾವ ದಾಖಲೆಗಳು, ಯಾವ ಸಾಕ್ಷಿಗಳು ಎಂಬ ಪಟ್ಟಿ ಜೊತೆಗಿರಲಿ. ಹಳೆಯ ತಪ್ಪುಗಳನ್ನು ಶಿಕ್ಷೆಗೆ ಲೆಕ್ಕ ಹಾಕುವುದಿದ್ದರೆ ಅದನ್ನೂ ಮೊದಲೇ ತಿಳಿಸಬೇಕು, ಕೊನೆಯಲ್ಲಿ ಕಡತದಿಂದ ಎಳೆದು ತರಬಾರದು.

ವಿಚಾರಣೆಯ ದಿನ ಆಡಳಿತದ ಸಾಕ್ಷಿಗಳು ಮೊದಲು, ಆಪಾದಿತ ಕೊನೆಗೆ. ಆತನನ್ನೇ ಮೊದಲು ಕೂರಿಸಿ ಪ್ರಶ್ನೆ ಕೇಳುವ ಚಾಳಿ ಇನ್ನೂ ಹೋಗಿಲ್ಲ. ತನಿಖೆ ಮಾಡಿದವರು ವಿಚಾರಣಾಧಿಕಾರಿಯಾಗಬಾರದು. ಪ್ರತಿ ಪುಟಕ್ಕೂ ಎಲ್ಲರ ಸಹಿ, ನಡಾವಳಿಯ ಪ್ರತಿ ಅದೇ ಸಂಜೆ ಆಪಾದಿತನ ಕೈಗೆ. ವರದಿ ಬಂದ ಮೇಲೆ ಶಿಕ್ಷೆ ನಿರ್ಧರಿಸುವ ಮುಂಚೆ ಅದರ ಪ್ರತಿಯನ್ನೂ ಕೊಟ್ಟು ಉತ್ತರ ಕೇಳಬೇಕು; 1993ರಿಂದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಸ್ಸಾಮಿನ ಹುಡುಗನಾದರೆ ಆ ವರದಿಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೂತು ಓದಿ ಹೇಳಿ, ಓದಿ ಹೇಳಿದವರ ಸಹಿಯನ್ನು ಅವನ ಸಹಿಯ ಪಕ್ಕದಲ್ಲೇ ಹಾಕಿಸಿ.