ಬರ್ಕೊಂಡ್ರಾ ಮೇಡಮ್ಮೋರೆ?

ಮಂಗಳವಾರದಿಂದ ಆ ಅಜ್ಜಿಯ ಮಾತು ಕಿವಿಯಲ್ಲೇ ಕೂತಿದೆ. "ಬರ್ಕೊಂಡ್ರಾ ಮೇಡಮ್ಮೋರೆ?"

ನಮ್ಮ ಪಂಚಾಯ್ತಿಯ ಗ್ರಾಮಸಭೆಯಲ್ಲಿ ನಡಾವಳಿ ಬರೆಯುವುದು ನಾನು, ಕಾರ್ಯದರ್ಶಿ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಗೆ, ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಅದರಲ್ಲಿ ಶೇ. 30 ಹೆಂಗಸರಿರಬೇಕು. ಬೆಳಗ್ಗೆಯಿಂದ ಸ್ತ್ರೀಶಕ್ತಿ ಸಂಘದವರಿಗೆ ಫೋನ್ ಮಾಡಿ ಮಾಡಿ ಗಂಟಲು ಬತ್ತಿತ್ತು. ಬಂದವರಲ್ಲಿ ಅರ್ಧ ಜನ ಸಹಿ ಹಾಕಿ, ಟೀ ಕುಡಿದು ಎದ್ದು ಹೋದರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮುಂದಿನ ಸಾಲಲ್ಲೇ ಕೂತರು.

ಚರಂಡಿ, ಸಿಸಿ ರಸ್ತೆ ಎಲ್ಲ ಮುಗಿದ ಮೇಲೆ ಎದ್ದರು. "ನಮ್ ಬೀದಿಗೆ ರಾತ್ರಿ ಹನ್ನೆರಡಕ್ಕೆ ನೀರ್ ಬಿಡ್ತಾರೆ. ಒಬ್ಳೇ ಎದ್ದು ಹಿಡೀಬೇಕು. ವಸಿ ಬೇಗ ಬಿಡ್ಸಿ." ನನ್ನ ಪೆನ್ನು ನಿಂತಿತ್ತು. ಅದನ್ನೇ ನೋಡುತ್ತಾ ಆ ಪ್ರಶ್ನೆ ಕೇಳಿದರು. ಸದಸ್ಯರೊಬ್ಬರು "ಕೂತ್ಕೊಳಮ್ಮ, ಇದು ಅದಕ್ಕಲ್ಲ" ಅಂದರು. ಓಟಿನ ಟೈಮಲ್ಲಿ ಇದೇ ಅಜ್ಜಿಯ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದವರು. ಸಭೆಯ ಉಸ್ತುವಾರಿಗೆ ಬಂದಿದ್ದ ನೋಡಲ್ ಅಧಿಕಾರಿ ಗಡಿಯಾರ ನೋಡಿಕೊಂಡರು.

"ಹೋದ್ ಸಲಾನೂ ಹೇಳಿದ್ದೆ" ಅಂದರು ಅಜ್ಜಿ.

ಸಂಜೆ ಹಳೇ ಪುಸ್ತಕ ತೆಗೆದೆ. ನನ್ನದೇ ಅಕ್ಷರ. "ಇತರೆ ಬೇಡಿಕೆಗಳನ್ನು ಪರಿಶೀಲಿಸಲು ತೀರ್ಮಾನಿಸಲಾಯಿತು." ಅಷ್ಟೇ. ಅಜ್ಜಿಯ ನೀರು ಆ "ಇತರೆ" ಒಳಗೆ ಹೋಗಿಬಿಟ್ಟಿತ್ತು.

ಕ್ರಿಯಾಯೋಜನೆಯಲ್ಲಿ ಕಾಮಗಾರಿಯ ಹೆಸರು ಬೇಕು, ಅಂದಾಜು ಮೊತ್ತ ಬೇಕು. ಅಜ್ಜಿ ಕೇಳಿದ್ದು ಕಾಮಗಾರಿಯೇ ಅಲ್ಲ. ಕೇಂದ್ರದಿಂದ ಪಂಚಾಯ್ತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021-26) ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಜನ ಬೇರೇನು ಕೇಳಿದರೂ "ಆ ಹೆಡ್ಡಲ್ಲಿ (ಖರ್ಚಿನ ಬಾಬ್ತಲ್ಲಿ) ಬರಲ್ಲ" ಅನ್ನಬೇಕಾಗುತ್ತಿತ್ತು. ಹಾಗೆ ಹೇಳಿ ಹೇಳಿ, ಒಂದು ರೂಪಾಯಿ ಖರ್ಚಿಲ್ಲದ ಮಾತು ಬಂದಾಗಲೂ ಕೈ ತಾನಾಗಿ ನಿಲ್ಲುತ್ತೆ. ಜನ ಸಭೆಗೆ ಬರಲ್ಲ ಅಂತ ನಾವು ದೂರುತ್ತಲೇ ಇರುತ್ತೇವೆ. ಬಂದು ಹೇಳಿದ್ದು ಪುಸ್ತಕಕ್ಕೇ ಏರದಿದ್ದರೆ ಯಾವ ನಂಬಿಕೆ ಮೇಲೆ ಬರಬೇಕು ಅವರು? ಅಜ್ಜಿ ಎರಡನೇ ಸಲ ಬಂದದ್ದೇ ದೊಡ್ಡದು, ಅಲ್ವಾ?

ಮರುದಿನ ನೀರುಗಂಟಿಯನ್ನು ಕೇಳಿದೆ. "ಮೋಟ್ರಿಗೆ ಬೇಕಾದ ತ್ರೀಫೇಸ್ ಕರೆಂಟ್ ಬರೋದೇ ಕತ್ತಲಾದ ಮೇಲೆ ಮೇಡಂ. ಟ್ಯಾಂಕ್ ತುಂಬಿಸಿ, ಮೇಲಿನ ಬೀದಿಯಿಂದ ವಾಲ್ವ್ ತಿರುಗಿಸ್ಕೊಂಡು ಬರ್ತೀನಿ. ಅವರದು ಕೊನೆ ಬೀದಿ."

"ಕೊನೆ ಬೀದಿಯಿಂದ ಶುರು ಮಾಡಿದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾಡಬಹುದು. ಯಾರೂ ಹೇಳಿರಲಿಲ್ಲ. ಆದ್ರೆ ಮೇಲಿನ ಬೀದಿಯವರು ಜಗಳಕ್ಕೆ ಬಂದ್ರೆ ನೀವೇ ಮಾತಾಡ್ಬೇಕು."

ಸೋಮವಾರದಿಂದ ಒಂದು ವಾರ ಮೇಲಿಂದ, ಒಂದು ವಾರ ಕೆಳಗಿಂದ. ನಡಾವಳಿಯಲ್ಲಿ ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಬರೆದು, ಅವರ ಮನೆಗೇ ಹೋಗಿ ಓದಿ ಹೇಳಿದೆ. "ವಸಿ ಬೇಗ" ಅನ್ನುವುದನ್ನೂ ಬಿಡಲಿಲ್ಲ. ಸದಸ್ಯರ ಮನೆ ಮೇಲಿನ ಬೀದಿಯಲ್ಲೇ ಇದೆ. ಬರಲಿ, ಮಾತಾಡ್ತೀನಿ.